ಎಪ್ಪತ್ತಕ್ಕೆ ನಿವೃತ್ತಿ ಒಲ್ಲೆನೆಂದ ಕೋಚ್: ದೊಡ್ಡಪ್ಪನಿಗೊಂದು ಪತ್ರ

ಸ್ಟಾಕ್ಟನ್, ಕ್ಯಾಲಿಫೋರ್ನಿಯಾ
ಡಿಸೆಂಬರ್ 14

ಪೂಜ್ಯ ದೊಡ್ಡಪ್ಪನವರ ಪಾದಗಳಿಗೆ ಸುಮಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಮಂಜು ಬೀಳುವ ಕಾಲ ಇದು. ಬೆಳಿಗ್ಗೆ ಎಂಟು ಗಂಟೆಯಾದರೂ ಎದುರು ಮನೆಯ ಗೇಟು ಕಾಣುವುದಿಲ್ಲ. ಗದ್ದೆಯ ಮೇಲೆ ಹಾಸಿಕೊಂಡಂತೆ ನೆಲಕ್ಕಂಟಿಯೇ ನಿಲ್ಲುವ ಈ ಮಂಜಿನಲ್ಲಿ ಕಾರು ಓಡಿಸುವುದು ನನಗೆ ಈಗಲೂ ಭಯವೇ. ನೀವು ಬಿದ್ದು ಮಣಿಕಟ್ಟು ಉಳುಕಿಸಿಕೊಂಡ ವಿಷಯವನ್ನು ಅಣ್ಣ ತಿಳಿಸಿದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಳೆ ನಿಂತ ಮಾರನೆಯ ದಿನವೇ, ಒದ್ದೆ ಮೈದಾನಕ್ಕೆ ಹೋಗಿ ಹುಡುಗರಿಗೆ ಖೋ ಖೋ ಹೇಳಿಕೊಡುವ ಅಗತ್ಯವೇನಿತ್ತು ಎಂಬುದು ಮನೆಯವರೆಲ್ಲರ ಪ್ರಶ್ನೆ. ನನ್ನ ಮಾತನ್ನು ನೀವು ಕೇಳುತ್ತೀರಿ ಎಂದು ನಂಬಿರುವ ಅಣ್ಣ, ಇನ್ನು ಮೈದಾನಕ್ಕೆ ಹೋಗದಂತೆ ನಿಮಗೆ ಒಂದು ಪತ್ರ ಬರೆ ಎಂದು ನನಗೆ ಒಪ್ಪಿಸಿದ್ದಾನೆ. ಫೋನಿನಲ್ಲಾದರೆ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸಿದರೂ ಕೇಳಿಸಲಿಲ್ಲ ಎನ್ನುತ್ತೀರಿ ಎಂಬುದು ಅವನ ದೂರು.

ಬುದ್ಧಿ ಹೇಳಬೇಕೆಂದೇ ಕುಳಿತೆ. ಆದರೆ ಕಳೆದ ತಿಂಗಳು ನೀವು ಕೇಳಿದ ಪ್ರಶ್ನೆಯೊಂದು ಬಾಕಿ ಇತ್ತಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರಮ್ಮ ಎಂದು, ಅದಕ್ಕೆ ಉತ್ತರ ಹುಡುಕುತ್ತ ಹೋದವಳು ಬೇರೆಯೇ ಒಬ್ಬರ ಕತೆಯಲ್ಲಿ ಸಿಕ್ಕಿಹಾಕಿಕೊಂಡೆ. ನಾನು ದಿನವೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಮೋಸ್ ಅಲೋಂಜೊ ಸ್ಟ್ಯಾಗ್ ಹೈಸ್ಕೂಲು ಎಂಬ ಫಲಕ ಇದೆ. ಇಷ್ಟು ವರ್ಷ ಅದು ಯಾರೋ ದಾನಿಯ ಹೆಸರಿರಬೇಕು ಎಂದುಕೊಂಡಿದ್ದೆ. ದಾನಿಯಲ್ಲ, ದೊಡ್ಡಪ್ಪ, ನಿಮ್ಮ ಹಾಗೆಯೇ ಆಟದ ಮೇಷ್ಟ್ರು.

ಸ್ಟ್ಯಾಗ್ ಅವರು ಹುಟ್ಟಿದ್ದು 1862ರ ಆಗಸ್ಟ್ 16ರಂದು, ನ್ಯೂಜೆರ್ಸಿಯ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ. ತಂದೆ ಚಪ್ಪಲಿ ಹೊಲಿಯುವ ಕೆಲಸದವರು, ಮನೆಯಲ್ಲಿ ಎಂಟು ಮಕ್ಕಳು. ಪಾದ್ರಿಯಾಗಬೇಕೆಂಬ ಆಸೆಯಿಂದ ಯೇಲ್ ವಿಶ್ವವಿದ್ಯಾಲಯ ಸೇರಿದ ಈ ಹುಡುಗ, ಒಲೆಯಿಲ್ಲದ ಅಟ್ಟದ ಕೋಣೆಯೊಂದರಲ್ಲಿ ಅಗ್ಗದ ಬಿಸ್ಕತ್ತು ತಿಂದುಕೊಂಡು ಓದಿದರಂತೆ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹಣ ಕೊಟ್ಟು ಆಡಿಸುವ ತಂಡಗಳು ಕರೆದಾಗ, ಕಿಸೆಯಲ್ಲಿ ಕಾಸಿಲ್ಲದಿದ್ದರೂ, ಹೋಗಲಿಲ್ಲ. ಫುಟ್‌ಬಾಲಿನಲ್ಲಿ ಸಾಲಿನ ತುದಿಯಲ್ಲಿ ನಿಂತು ಆಡುತ್ತಿದ್ದ ಅವರು 1889ರಲ್ಲಿ ದೇಶದ ಅತ್ಯುತ್ತಮ ಆಟಗಾರರನ್ನು ಹೆಸರಿಸುವ ಮೊಟ್ಟಮೊದಲ ಅಖಿಲ ಅಮೆರಿಕ ತಂಡದ ಪಟ್ಟಿಗೆ ಆಯ್ಕೆಯಾದರು. ಹಾಸಿಗೆಯೊಂದನ್ನು ಸುತ್ತಿ ಹಗ್ಗದಿಂದ ನೇತುಹಾಕಿ, ಎದುರಾಳಿಯನ್ನು ಕೆಡಹುವ ಅಭ್ಯಾಸಕ್ಕೆ ಬಳಸಿದ್ದು ಯೇಲ್‌ನಲ್ಲಿ ಇದ್ದಾಗಲೇ. ಅದನ್ನು ಓದಿದಾಗ, ನೀವು ಭತ್ತದ ಹುಲ್ಲು ತುಂಬಿದ ಗೋಣಿಚೀಲವನ್ನು ಬೇವಿನ ಕೊಂಬೆಗೆ ಕಟ್ಟಿ ನಮ್ಮ ಹುಡುಗರಿಗೆ ಕಬಡ್ಡಿಯಲ್ಲಿ ಸೊಂಟದ ಹಿಡಿತ ಕಲಿಸುತ್ತಿದ್ದುದು ಕಣ್ಣ ಮುಂದೆ ಬಂತು.

ಪಾದ್ರಿಯ ಕೆಲಸಕ್ಕೆ ಬೇಕಾದ ಮಾತುಗಾರಿಕೆ ತನಗಿಲ್ಲ, ವೇದಿಕೆ ಹತ್ತಿದರೆ ನಾಲಿಗೆ ಹೊರಳುವುದಿಲ್ಲ ಎಂಬುದು ಅವರಿಗೆ ಬೇಗನೆ ಗೊತ್ತಾಯಿತು. ಹುಡುಗರಿಗೆ ಹೇಳಬೇಕಾದದ್ದನ್ನು ಮೈದಾನದಲ್ಲೇ ಹೇಳುವುದೆಂದು ನಿಶ್ಚಯಿಸಿ, 1890ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಬಂದರು. ಈ ಊರಿನ ಹೆಸರನ್ನು ನೀವು ನಮಗೆ ಎಷ್ಟು ಸಲ ಹೇಳಿಲ್ಲ! ನೀವು ಓದಿದ ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು 1920ರಲ್ಲಿ ಆರಂಭಿಸಿದ ಹ್ಯಾರಿ ಬಕ್ ಅವರು ಕಲಿತು ಬಂದದ್ದು ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಸ್ಟ್ಯಾಗ್ ಅವರು ಅಲ್ಲಿಂದ ಹೊರಟು ಎಷ್ಟೋ ವರ್ಷಗಳಾದ ಮೇಲೆ ಬಕ್ ಅಲ್ಲಿಗೆ ಹೋದದ್ದು ನಿಜ. ಆದರೂ ಗುರುಮನೆ ಒಂದೇ. ನಿಮ್ಮ ಕೊರಳಿನ ವಿಸಿಲ್ಲಿನ ವಂಶವೃಕ್ಷ ಬರೆಯುವುದಾದರೆ ಬೇರು ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಶಾಲೆ ಎಷ್ಟು ಚಿಕ್ಕದೆಂದರೆ, ಹನ್ನೊಂದು ಜನರ ತಂಡ ಕಟ್ಟಬೇಕಾದರೆ ಕಲಿಸುವವರೂ ಕಲಿಯುವವರೂ ಜೊತೆಗೂಡಿ ಆಡಬೇಕಿತ್ತು. ಸ್ಟ್ಯಾಗ್ ಅವರೂ ಕೋಚ್ ಆಗಿದ್ದುಕೊಂಡೇ ಆಡುತ್ತಿದ್ದರು. ಸಾಲಿನ ನಡುಮಧ್ಯದ ಜಾಗಕ್ಕೆ ಅವರು ನಿಲ್ಲಿಸಿದ್ದು ಕೆನಡಾದಿಂದ ಬಂದಿದ್ದ ಜೇಮ್ಸ್ ನೈಸ್ಮಿತ್ ಎಂಬವರನ್ನು. ಇಷ್ಟು ಸಾಧಾರಣ ಮೈಕಟ್ಟಿನ ತನ್ನನ್ನೇಕೆ ಅಲ್ಲಿ ನಿಲ್ಲಿಸಿದಿರಿ ಎಂದು ಕೇಳಿದಾಗ, ಅತ್ಯಂತ ಕೆಟ್ಟ ಕೆಲಸವನ್ನು ಅತ್ಯಂತ ಸಭ್ಯವಾಗಿ ಮಾಡುವುದು ನಿನಗೊಬ್ಬನಿಗೇ ಬರುತ್ತದೆ ಎಂಬರ್ಥದ ಉತ್ತರ ಬಂದಿತೆಂದು ನೈಸ್ಮಿತ್ ಮುಂದೆ ನೆನಪಿಸಿಕೊಂಡಿದ್ದಾರೆ. ಗಿಡ್ಡರೂ ಧರ್ಮಭೀರುಗಳೂ ಆಗಿದ್ದ ಈ ಹುಡುಗರನ್ನು ಜನ 'ಸ್ಟ್ಯಾಗ್‌ನ ಕುಳ್ಳ ಕ್ರೈಸ್ತರು' ಎಂದು ತಮಾಷೆ ಮಾಡುತ್ತಿದ್ದರು. 1890ರ ಡಿಸೆಂಬರ್ 12ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಸೂರಿನಡಿಯಲ್ಲಿ, ಯೇಲ್‌ನ ಹಳೆಯ ಹುಲಿಗಳೇ ಕೂಡಿದ್ದ ತಂಡದೆದುರು ಇವರು ಆಡಿ 16–10ರಿಂದ ಸೋತರು. ಸೋಲೆಂದರೆ ಸೋಲೇ, ಆದರೆ ದೊಡ್ಡ ಕಾಲೇಜುಗಳ ಎದುರು ಅಂಥ ಶಾಲೆಯೊಂದು ಹತ್ತು ಅಂಕ ಗಳಿಸಿದ್ದನ್ನು ನಿಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷಗಳ ಒಟ್ಟು ಲೆಕ್ಕ ಹತ್ತು ಗೆಲುವು, ಹನ್ನೊಂದು ಸೋಲು, ಒಂದು ಸಮ.

ಇದೇ ನೈಸ್ಮಿತ್ ಮರುವರ್ಷದ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಕಾಟ ಕೊಡುತ್ತಿದ್ದ ತರಗತಿಗೆಂದು, ವ್ಯಾಯಾಮಶಾಲೆಯ ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದು ಬಾಸ್ಕೆಟ್‌ಬಾಲ್ ಹುಟ್ಟಿಸಿದವರು. 1892ರ ಮಾರ್ಚ್ 11ರಂದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡೆದ ಮೊದಲ ಸಾರ್ವಜನಿಕ ಪಂದ್ಯದಲ್ಲಿ ಅಧ್ಯಾಪಕರು 5–1ರಿಂದ ಸೋತರು. ಆ ಒಂದು ಅಂಕ ಸ್ಟ್ಯಾಗ್ ಅವರದು. ಆಡುವ ಭರದಲ್ಲಿ ಕಣ್ಣಿನ ಸುತ್ತ ಕಪ್ಪಗಾಗುವಷ್ಟು ಪೆಟ್ಟನ್ನೂ ತಿಂದರಂತೆ.

ಯೇಲ್‌ನಲ್ಲಿ ಅವರಿಗೆ ಪಾಠ ಹೇಳಿದ್ದ ವಿಲಿಯಂ ರೈನಿ ಹಾರ್ಪರ್ ಅವರು ಷಿಕಾಗೋದಲ್ಲಿ ಹೊಸ ವಿಶ್ವವಿದ್ಯಾಲಯ ಕಟ್ಟುವಾಗ ಶಿಷ್ಯನನ್ನು ಕರೆಸಿಕೊಂಡರು. ಇಲ್ಲೊಂದು ವಿಷಯವನ್ನು ನೀವು ಎರಡು ಸಲ ಓದಬೇಕು: 1892ರಲ್ಲಿ ಸ್ಟ್ಯಾಗ್ ಅವರನ್ನು ನೇಮಿಸಿದ್ದು ಬರೀ ಆಟದ ಮೇಷ್ಟ್ರೆಂದಲ್ಲ, ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿ, ಗ್ರೀಕ್ ಮತ್ತು ಗಣಿತ ಕಲಿಸುವವರಿಗೆ ಸಮನಾಗಿ, ಖಾಯಂ ಹುದ್ದೆಯ ಸಹಪ್ರಾಧ್ಯಾಪಕರಾಗಿ. ಇದನ್ನು ಓದಿದಾಗ ನನಗೆ ನಿಮ್ಮ ಸ್ಟಾಫ್ ರೂಮಿನ ನೆನಪಾಯಿತು. ಬಾಗಿಲ ಪಕ್ಕದ ಕೈಮುರಿದ ಕುರ್ಚಿ ಮೂವತ್ತೆರಡು ವರ್ಷ ನಿಮ್ಮದೇ ಆಗಿತ್ತು. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರೂ ವಿಜ್ಞಾನದವರೂ ನಿಮ್ಮನ್ನೊಂದು ಮಾತೂ ಕೇಳದೆ ಪಿ.ಟಿ. ಪೀರಿಯಡ್ಡುಗಳನ್ನು ಹಂಚಿಕೊಳ್ಳುತ್ತಿದ್ದರು. ಆಗ ನೀವು ಏನೂ ಅನ್ನದೆ ಚೆಂಡುಗಳಿಗೆ ಗಾಳಿ ಹೊಡೆಯುತ್ತ ಕೂರುತ್ತಿದ್ದಿರಿ. ನನಗೆ ಮಾತ್ರ ಆ ಸಿಟ್ಟು ಇನ್ನೂ ಇಳಿದಿಲ್ಲ.

ಷಿಕಾಗೋದ ನಲವತ್ತೊಂದು ವರ್ಷಗಳನ್ನು ನಾನು ಬೇಗ ದಾಟಿಸುತ್ತೇನೆ, ಏಕೆಂದರೆ ಇಲ್ಲಿಯವರು ಬರೆಯುವುದೆಲ್ಲ ಅದನ್ನೇ. ಮೊದಲ ವರ್ಷ ಆಟಗಾರರು ಸಾಲದೆ ಕೋಚ್ ತಾನೇ ಆಡಿದ ತಂಡ, ಏಳು ಸಲ ಪ್ರಾದೇಶಿಕ ಚಾಂಪಿಯನ್ ಆಯಿತು. 1905ರ ನವೆಂಬರ್ 30ರಂದು, ಸತತ ಐವತ್ತಾರು ಪಂದ್ಯಗಳಲ್ಲಿ ಸೋತಿರದ ಮಿಷಿಗನ್ ತಂಡವನ್ನು 2–0ರಿಂದ ಸೋಲಿಸಿತು. ಅದೇ ವರ್ಷ ಮೈದಾನದಲ್ಲಿ ಹುಡುಗರು ಸತ್ತ ಸುದ್ದಿಗಳು ಒಂದರ ಮೇಲೊಂದು ಬಂದು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ದೊಡ್ಡ ಕಾಲೇಜುಗಳವರನ್ನು ಕರೆಸಿ ಮಾತಾಡಬೇಕಾಯಿತು. ಆಗಿನ ಆಟ ಹೇಗಿತ್ತೆಂದರೆ, ಮೂರು ಸರದಿಯಲ್ಲಿ ಐದು ಗಜ ಮುಂದೆ ಹೋದರೆ ಚೆಂಡು ನಿಮ್ಮಲ್ಲೇ ಉಳಿಯುತ್ತಿತ್ತು. ಹಾಗಾಗಿ ಎಲ್ಲರೂ ಒಂದೇ ಗುಂಪಾಗಿ ಕೊಂಡಿ ಹಾಕಿಕೊಂಡು ನುಗ್ಗುವುದೇ ಉಪಾಯವಾಗಿ, ಕೆಳಗೆ ಬಿದ್ದವನ ಮೇಲೆ ಎಂಟು ಹತ್ತು ಜನ ಬೀಳುತ್ತಿದ್ದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟು, ಹತ್ತು ಗಜ ಹೋಗಲೇಬೇಕೆಂದು ನಿಯಮ ಬದಲಿಸಿದ ಮೇಲೆ ಗುಂಪು ಒಡೆದು ಆಟ ಮೈದಾನದ ತುಂಬ ಹರಡಿತು. ನಿಯಮ ಮಾಡುವ ಸಮಿತಿಯಲ್ಲಿ ಸ್ಟ್ಯಾಗ್ ಅವರೂ ಇದ್ದರು. ಚೆಂಡನ್ನು ಕೈಯಲ್ಲಿ ಹಿಡಿಯುವ ಆಟಕ್ಕೆ ಆ ಹೆಸರೇಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ರಗ್ಬಿಯ ಅಣ್ಣತಮ್ಮಂದಿರಲ್ಲಿ ಇದೊಂದು, ಹುಟ್ಟಿದ ಮನೆಯ ಹೆಸರು ಹಾಗೇ ಉಳಿದುಕೊಂಡಿದೆ.

ಸ್ಟ್ಯಾಗ್ ಅವರ ಬಾಯಲ್ಲಿ ಕೆಟ್ಟ ಮಾತು ಬರುತ್ತಿರಲಿಲ್ಲ. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಆಟಗಾರನನ್ನು 'ಕತ್ತೆ' ಎನ್ನುತ್ತಿದ್ದರು. ತಪ್ಪು ದೊಡ್ಡದಾಗಿದ್ದರೆ 'ಡಬಲ್ ಕತ್ತೆ'. ಇದನ್ನು ದೊಡ್ಡಮ್ಮನಿಗೆ ದಯವಿಟ್ಟು ಓದಿ ಹೇಳಿ. ನೀವು ಅಣ್ಣನಿಗೆ ಅಂದದ್ದನ್ನೆಲ್ಲ ಲೆಕ್ಕ ಹಾಕಿದರೆ ಅವನು ಎಷ್ಟನೆಯ ಕತ್ತೆಯೋ!

ಹಾಗೆಂದು ಇವರನ್ನು ಸಂತರ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಹಣಕ್ಕಾಗಿ ಆಡುವ ಭಾನುವಾರದ ಫುಟ್‌ಬಾಲ್ ಕಾಲೇಜಿನ ಆಟಕ್ಕೆ ಗಂಡಾಂತರವೆಂದು 1923ರಲ್ಲಿ ಬಹಿರಂಗವಾಗಿ ಖಂಡಿಸಿದವರು ಇವರು. ಆದರೆ ಅವರ ಮೈದಾನದಲ್ಲೇ ಸಾವಿರ ಸಾವಿರ ಜನ ಟಿಕೆಟ್ ಕೊಂಡು ಕೂರುತ್ತಿದ್ದರು, ಮತ್ತು ಅವರ ಅತಿ ಪ್ರಸಿದ್ಧ ಶಿಷ್ಯ ವಾಲ್ಟರ್ ಎಕರ್ಸಾಲ್ ನಾಲ್ಕು ವರ್ಷ ಊರನ್ನೇ ಕುಣಿಸಿ, ಪದವಿ ಮಾತ್ರ ಪಡೆಯದೆ ವಿಶ್ವವಿದ್ಯಾಲಯ ಬಿಟ್ಟರು. ಆಟಗಾರನನ್ನು ಓದಿನಲ್ಲಿ ಹಿಂದೆ ಬೀಳಲು ಬಿಡುವ ಮೇಷ್ಟ್ರನ್ನು ನೀವು ಒಪ್ಪುವುದಿಲ್ಲವೆಂದು ನನಗೆ ಗೊತ್ತು. ನಾನೂ ಒಪ್ಪುವುದಿಲ್ಲ.

ಈಗ ನಾನು ಬರೆಯಬೇಕೆಂದಿದ್ದ ಭಾಗಕ್ಕೆ ಬರುತ್ತೇನೆ. 1932ರಲ್ಲಿ ಅವರಿಗೆ ಎಪ್ಪತ್ತು ತುಂಬಿತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸ್ ಅವರಿಗೆ ಅದರ ಅರ್ಧದಷ್ಟೂ ವಯಸ್ಸಿರಲಿಲ್ಲ. ಎಪ್ಪತ್ತಕ್ಕೆ ನಿವೃತ್ತಿ ಎಂಬ ನಿಯಮ ಇತ್ತು, ಅದನ್ನು ಸಡಿಲಿಸಲಿಲ್ಲ. ಮೈದಾನದಿಂದ ದೂರದ, ಸಲಹೆ ಕೊಡುವ ಗೌರವದ ಸ್ಥಾನವೊಂದನ್ನು ಕೊಡಲು ಮುಂದೆ ಬಂದರು. ಸ್ಟ್ಯಾಗ್ ಅವರು ಬೇಡವೆಂದರು. ಅವರಿಗೆ ಬೇಕಾದದ್ದು ಕುರ್ಚಿಯಲ್ಲ, ಹುಲ್ಲಿನ ಮೇಲೆ ನಿಲ್ಲುವ ಜಾಗ. ಪತ್ನಿ ಸ್ಟೆಲಾ ಅವರೊಂದಿಗೆ ದೇಶದ ಇನ್ನೊಂದು ತುದಿಗೆ, ನಾನೀಗ ಕುಳಿತು ಬರೆಯುತ್ತಿರುವ ಈ ಸ್ಟಾಕ್ಟನ್ನಿಗೆ, ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಸಣ್ಣ ಕಾಲೇಜಿಗೆ 1933ರಲ್ಲಿ ಬಂದು ಸೇರಿದರು. ಸುತ್ತ ಹೊಲಗದ್ದೆ, ನದಿಯ ಕವಲುಗಳು. ಪಂಜಾಬಿನ ರೈತರು ಆಗಲೇ ಬಂದು ದುಡಿಯುತ್ತಿದ್ದು, 1912ರಲ್ಲೇ ಗುರುದ್ವಾರ ಕಟ್ಟಿಕೊಂಡಿದ್ದ ಊರು ಇದು. ಬೇಸಿಗೆಯ ಬಿಸಿಲು ನಮ್ಮ ರಾಯಚೂರಿನದೇ.

ಹದಿನಾಲ್ಕು ವರ್ಷ ಇಲ್ಲಿದ್ದರು. ಅರವತ್ತು ಗೆಲುವು, ಎಪ್ಪತ್ತೇಳು ಸೋಲು, ಏಳು ಸಮ. ಷಿಕಾಗೋದ ಕೀರ್ತಿವಂತ ಈ ಲೆಕ್ಕಕ್ಕೆ ಇಳಿದರಲ್ಲ ಎಂದು ಮರುಕಪಟ್ಟವರೂ ಇದ್ದಿರಬೇಕು. ಸಣ್ಣ ಕಾಲೇಜು ದೊಡ್ಡವರೊಂದಿಗೆ ಆಡಿದರೆ ಸೋಲು ಹೆಚ್ಚು ಎಂಬುದು ಸರಳ ಲೆಕ್ಕ. ದೊಡ್ಡವರೊಂದಿಗೆ ಆಡಿಯೇ ತೀರುತ್ತೇನೆಂಬ ಹಟ ಅವರದು. ಸ್ಟೆಲಾ ಅವರು ಎದುರಾಳಿ ತಂಡಗಳ ಪಂದ್ಯಗಳಿಗೆ ಹೋಗಿ ಕುಳಿತು, ಯಾರು ಎಲ್ಲಿ ನಿಂತರು, ಯಾವ ಕಡೆ ಓಡಿದರು ಎಂಬುದನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿಕೊಂಡು ಬರುತ್ತಿದ್ದರು. ತಾಲ್ಲೂಕು ಕ್ರೀಡಾಕೂಟದಲ್ಲಿ ದೊಡ್ಡಮ್ಮ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಖೋ ಖೋ ಅಂಕಗಳನ್ನು ಗೀಟು ಹಾಕಿ ಬರೆದಿಡುತ್ತಿದ್ದರಲ್ಲ, ತೀರ್ಪುಗಾರರ ಲೆಕ್ಕ ತಪ್ಪಿದಾಗ ಸೆರಗಿನ ಗಂಟಿನಿಂದ ಆ ಚೀಟಿ ಹೊರಬರುತ್ತಿತ್ತಲ್ಲ, ನನಗೆ ಅದೇ ಕಂಡಿತು.

1938ರ ನವೆಂಬರಿನಲ್ಲಿ ಎಪ್ಪತ್ತಾರರ ಸ್ಟ್ಯಾಗ್ ತಮ್ಮ ಸಣ್ಣ ಕಾಲೇಜಿನ ಹುಡುಗರನ್ನು ರೈಲು ಹತ್ತಿಸಿಕೊಂಡು ಷಿಕಾಗೋಗೆ ಹೋದರು. ಮೈದಾನಕ್ಕೆ ಅವರದೇ ಹೆಸರು, ಸ್ಟ್ಯಾಗ್ ಫೀಲ್ಡ್. ತಾನೇ ಹುಟ್ಟಿಹಾಕಿದ ತಂಡದ ಎದುರು, ತನ್ನದೇ ಹೆಸರಿನ ನೆಲದ ಮೇಲೆ, ಅತಿಥಿಗಳ ಬದಿಯಲ್ಲಿ ನಿಂತು ಅವರು 32–0ರಿಂದ ಗೆದ್ದರು. ಆ ಸಂಜೆ ಅವರ ಮುಖ ಹೇಗಿತ್ತೋ ನೋಡಬೇಕೆಂದು ನನಗೆ ಬಹಳ ಆಸೆ. ಮರುವರ್ಷವೇ ಷಿಕಾಗೋ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಖಾಲಿ ಬಿದ್ದ ಮೈದಾನದ ಪಶ್ಚಿಮದ ಗ್ಯಾಲರಿಯ ಅಡಿಯಲ್ಲಿದ್ದ ಒಳಾಂಗಣದಲ್ಲಿ, 1942ರ ಡಿಸೆಂಬರ್ 2ರಂದು, ಎನ್ರಿಕೊ ಫರ್ಮಿ ಮತ್ತವರ ಸಂಗಡಿಗರು ಮನುಷ್ಯ ನಿರ್ಮಿಸಿದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಮೈದಾನ ಪಾಳು ಬಿದ್ದರೆ ಅಲ್ಲಿ ಏನೇನು ನಡೆಯಬಹುದು ಎಂಬುದಕ್ಕೆ ನಮ್ಮೂರಿನ ಉದಾಹರಣೆ ಎಂದರೆ ಸಂತೆ ಲಾರಿಗಳು ಮಾತ್ರ.

ಮರುವರ್ಷ, 1943ರಲ್ಲಿ, ಯುದ್ಧದ ಕಾಲ. ನೌಕಾಪಡೆ ತನ್ನ ತರಬೇತಿಯ ಹುಡುಗರನ್ನು ಬೇರೆ ಬೇರೆ ಕಾಲೇಜುಗಳಿಗೆ ಹಂಚಿದಾಗ, ಇತರ ಕಡೆ ಆಡಿ ಪಳಗಿದ್ದ ಕೆಲವರು ಸ್ಟಾಕ್ಟನ್ನಿಗೂ ಬಂದರು. ಅಪರೂಪಕ್ಕೆ ಕೈತುಂಬ ಆಟಗಾರರು ಸಿಕ್ಕ ಆ ವರ್ಷ ಈ ಸಣ್ಣ ಕಾಲೇಜು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೂ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ.ಯನ್ನೂ ಸೋಲಿಸಿತು. ದೇಶದ ಕೋಚ್‌ಗಳೆಲ್ಲ ಸೇರಿ ವರ್ಷದ ಶ್ರೇಷ್ಠ ಕೋಚ್ ಎಂದು ಆರಿಸಿದ್ದು ಎಂಬತ್ತೊಂದು ವರ್ಷದ ಸ್ಟ್ಯಾಗ್ ಅವರನ್ನು. ಅದೃಷ್ಟ ಎನ್ನುವವರು ಎನ್ನಲಿ. ಆ ಅದೃಷ್ಟ ಬಂದಾಗ ಮೈದಾನದಲ್ಲಿ ಇರಬೇಕಲ್ಲ.

1946ರ ಆಟದ ಋತು ಮುಗಿದ ಮೇಲೆ, ಇನ್ನು ಸಾಕೆಂಬ ಮಾತು ಇಲ್ಲಿಯೂ ಬಂತು. ಅವರು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ಎಂಬ ಇನ್ನೂ ಚಿಕ್ಕ ಕಾಲೇಜಿಗೆ, ಅಲ್ಲಿ ಕೋಚ್ ಆಗಿದ್ದ ತಮ್ಮ ಮಗನ ಜೊತೆ ಕೆಲಸ ಮಾಡಲು ಹೋದರು. ಮಗನಿಗೂ ಅಪ್ಪನದೇ ಹೆಸರು. 1951ರಲ್ಲಿ ಅಪ್ಪ ಮಗ ಸೇರಿ ನಡೆಸಿದ ಆ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಅಪ್ಪನಿಗೆ ಆಗ ಎಂಬತ್ತೊಂಬತ್ತು. ಮುಂದೆ ಸ್ಟೆಲಾ ಅವರ ಆರೋಗ್ಯ ಕೆಟ್ಟಾಗ ದೂರ ಹೋಗಲಾರದೆ ಸ್ಟಾಕ್ಟನ್ನಿನಲ್ಲೇ ಉಳಿದು, ಇಲ್ಲಿಯ ಜೂನಿಯರ್ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸಿದರು, ತೊಂಬತ್ತು ದಾಟಿದ ಮೇಲೆ. 1964ರಲ್ಲಿ ಸ್ಟೆಲಾ ತೀರಿಕೊಂಡರು. 1965ರ ಮಾರ್ಚ್ 17ರಂದು, ನೂರಾ ಎರಡನೆಯ ವಯಸ್ಸಿನಲ್ಲಿ, ಇದೇ ಊರಿನಲ್ಲಿ ಅವರೂ ಹೋದರು. ಅವರ 314 ಗೆಲುವುಗಳ ದಾಖಲೆಯನ್ನು ಮತ್ತೊಬ್ಬ ಕೋಚ್ ದಾಟಿದ್ದು 1981ರಲ್ಲಿ. ಸಣ್ಣ ಕಾಲೇಜುಗಳ ರಾಷ್ಟ್ರೀಯ ಫೈನಲ್ ಪಂದ್ಯ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತದೆ.

ಹೋದ ಭಾನುವಾರ ಮಂಜು ಸ್ವಲ್ಪ ಬಿಟ್ಟಾಗ ಆ ಕಾಲೇಜಿನ ಕಡೆಗೆ ನಡೆದು ಹೋದೆ. ಈಗ ಅದು ವಿಶ್ವವಿದ್ಯಾಲಯ. 1995ರ ನಂತರ ಅಲ್ಲಿ ಫುಟ್‌ಬಾಲ್ ಇಲ್ಲ. ಅವರ ಹೆಸರಿಟ್ಟಿದ್ದ ಸ್ಟೇಡಿಯಂ ಇತ್ತಂತೆ, ಅದನ್ನೂ ಕೆಡವಿದ್ದಾರೆ. ಇಟ್ಟಿಗೆಯ ಕಟ್ಟಡಗಳ ನಡುವಿನ ಹುಲ್ಲಿನಲ್ಲಿ ನಾಲ್ಕೈದು ಹುಡುಗರು ಎರಡೂ ತುದಿ ಚೂಪಾದ ಚೆಂಡನ್ನು ಎಸೆದಾಡುತ್ತಿದ್ದರು. ಒಬ್ಬ ಹಿಡಿಯಲು ಹೋಗಿ ಒದ್ದೆ ಹುಲ್ಲಿನ ಮೇಲೆ ಜಾರಿ ಬಿದ್ದ. ಎದ್ದು, ಮಣಿಕಟ್ಟು ತಿರುಗಿಸಿ ನೋಡಿಕೊಂಡು, ಮತ್ತೆ ಓಡಿದ. ನನಗೆ ನಗುವೂ ಬಂತು, ನಿಮ್ಮ ಮೇಲೆ ಸಿಟ್ಟೂ ಬಂತು.

ಅಣ್ಣ ಒಪ್ಪಿಸಿದ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು ಅವನಿಗೆ ಬೇರೆಯಾಗಿ ತಿಳಿಸುತ್ತೇನೆ. ನಿಮ್ಮಲ್ಲಿ ನಾನು ಕೇಳುವುದು ಎರಡೇ: ಮಣಿಕಟ್ಟಿಗೆ ಪಟ್ಟಿ ಬಿಚ್ಚುವವರೆಗೆ ಕಟ್ಟೆಯ ಮೇಲೆ ಕುಳಿತೇ ವಿಸಿಲ್ ಊದಿ, ಮಳೆ ಬಂದ ಮಾರನೆಯ ದಿನ ಹಳೆಯ ಕ್ಯಾನ್ವಾಸ್ ಶೂ ಹಾಕಬೇಡಿ, ಅದರ ಅಡಿ ಸವೆದು ಕನ್ನಡಿಯಾಗಿದೆ. ನಿಮ್ಮ ಅಳತೆಯ ಹೊಸ ಜೊತೆಯನ್ನು ಜನವರಿಯಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ದೊಡ್ಡಮ್ಮನ ಆ ಕ್ಯಾಲೆಂಡರ್ ಚೀಟಿಗಳು ಟ್ರಂಕಿನಲ್ಲಿ ಇನ್ನೂ ಉಳಿದಿದ್ದರೆ ಒಂದನ್ನಾದರೂ ಫೋಟೋ ತೆಗೆಸಿ ಕಳಿಸಿ. ಮದರಾಸಿನ ನಿಮ್ಮ ಗ್ರೂಪ್ ಫೋಟೋ ನಡುಮನೆಯ ಗೋಡೆಯಲ್ಲೇ ಇದೆಯೇ, ಇಲ್ಲ ಬಣ್ಣ ಬಳಿಯುವಾಗ ಇಳಿಸಿಬಿಟ್ಟರೇ ಎಂಬುದನ್ನೂ ತಿಳಿಸಿ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಗಳು,
ಸುಮಾ